ಸೂಡಿಯ ಎಂಟು ಸೆಟ್ಟಿಗಳು: ವಣಿಕ್‌ಸಮೂಹದ ನಾಯಕತ್ವವಿಚಾರ

ದೊಡ್ಡ ಪ್ರಮಾಣದ ಚಿಲ್ಲರೆ ವ್ಯಾಪಾರದಲ್ಲಿ ನಾಯಕನಾದವನು ಎಂಥವನಿರಬೇಕೆಂಬ ವಿಷಯವು ಆಧುನಿಕ ವಾಣಿಜ್ಯಗ್ರಂಥಗಳಲ್ಲಿ ವಿಪುಲವಾಗಿ ಚರ್ಚಿತವಾಗಿದೆ. ಅಧಿಕಾರಕ್ಕೆ ಸಂಪ್ರದಾಯ, ವ್ಯಕ್ತಿತೇಜಸ್ಸು, ನಿಯಮ ಎಂಬ ಮೂರು ಆಧಾರಗಳನ್ನು ಮ್ಯಾಕ್ಸ್ ವೇಬರನು ಹೇಳಿದನು. 1939ರಲ್ಲಿ ಲೆವಿನ್, ಲಿಪಿಟ್, ವೈಟ್ ಎಂಬ ಮೂವರು ಬಾಲಕರ ಕೂಟಗಳನ್ನು ಪರೀಕ್ಷಿಸಿ ನಿರಂಕುಶ, ಪ್ರಜಾಸತ್ತಾತ್ಮಕ, ಅನಿರ್ಬಂಧ ಎಂದು ನಾಯಕತ್ವದ ರೀತಿಗಳನ್ನು ವಿಂಗಡಿಸಿದರು. ಹತ್ತು ವರುಷದ ಹುಡುಗರಲ್ಲಿ ಕಂಡುದನ್ನು ಅಂಗಡಿಯ ಗುಮಾಸ್ತರಿಗೆ ಹೊಂದಿಸುವುದು ಎಷ್ಟರಮಟ್ಟಿಗೆ ಸಾಧುವೋ! ಅದಿರಲಿ, ಇಂತಹ ಚರ್ಚೆಗಳಲ್ಲಿ ನಾಯಕನೆಂದರೆ ಒಬ್ಬ ವ್ಯಕ್ತಿಯೇ ಎಂಬ ಭಾವನೆಯು ಸಾಮಾನ್ಯವಾಗಿ ಅಡಗಿರುತ್ತದೆ. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಈ ಭಾವನೆಯು ಸಂಶಯಾಸ್ಪದವಾಗಿ ತೋರದಿರದು.

ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಯು ಪ್ರಸಿದ್ಧವಾದುದು. ಐನೂರು ವೀರಶಾಸನಗಳಿಂದ ಭೂಷಿತರು, ವೀರಬಣಂಜುಧರ್ಮದ ಪ್ರತಿಪಾಲಕರು, ಸತ್ಯಶೌಚಾಚಾರಸಂಪನ್ನರು ಎಂದು ಅದು ಅವರನ್ನು ಕೊಂಡಾಡುತ್ತದೆ. ಕಾವ್ಯದೃಷ್ಟಿಯಿಂದ ಇದರಲ್ಲಿ ಬಹುಭಾಗ ರೂಢಿಯ ಬಿರುದುಗಳ ಸರಮಾಲೆ. ಒಂದು ಊರಿನ ವರ್ತಕರನ್ನು ಇನ್ನೊಂದು ಊರಿನವರಿಂದ ಬೇರ್ಪಡಿಸುವ ಗುರುತು ಅದರಲ್ಲಿಲ್ಲ. ಆದರೆ ಬಳ್ಳಿಗಾವೆಯ ಹನ್ನೊಂದನೆಯ ಶತಮಾನದ ಶಾಸನದಲ್ಲಿ ಆನೆ, ಕುದುರೆ, ರತ್ನ, ಕರ್ಪೂರಗಳ ಪಟ್ಟಿಯ ಬಳಿಕ, ಸರಕನ್ನು ಸಗಟಾಗಿ ಮಾರುವವರೊಡನೆ ಹೆಗಲ ಮೇಲೆ ಹೊತ್ತು ಮಾರುವವರೂ ಅದೇ ಹೊಗಳಿಕೆಗೆ ಪಾತ್ರರಾಗಿದ್ದಾರೆ. ಅತಿಶಯೋಕ್ತಿಯ ಪ್ರವಾಹದಲ್ಲಿ ಈ ಒಂದು ಮಾತು ನೆಲವನ್ನು ಮುಟ್ಟುತ್ತದೆ.

ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯವು ಸೂಡಿಯಲ್ಲಿ ದೊರೆಯುತ್ತದೆ. ನರಗುಂದದ ಮೂಡಲಿಗೆ, ರೋಣ ಗಜೇಂದ್ರಗಡಗಳ ಸೀಮೆಯಲ್ಲಿರುವ ಈ ಗ್ರಾಮವು ಜೋಡುಕಳಸದ ಗುಡಿಯಿಂದಲೂ ನಾಗಕುಂಡದಿಂದಲೂ ಖ್ಯಾತವಾಗಿದೆ. ಒಂದನೆಯ ಸೋಮೇಶ್ವರನ (1042–1068) ಕಾಲದ ಇಲ್ಲಿಯ ಶಾಸನವೊಂದರಲ್ಲಿ, ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳೆಂಬ ಸಮುದಾಯದ ಕಟ್ಟಳೆಯು ಚೋಳರೊಡನೆ ನಡೆದ ಯುದ್ಧದ ಸಂಕಟದಲ್ಲಿ ಕೆಲಮಟ್ಟಿಗೆ ಸಡಿಲಿತೆಂದೂ, ಅದನ್ನು ಮತ್ತೆ ಸ್ಥಾಪಿಸಲಾಯಿತೆಂದೂ ತಿಳಿದುಬರುತ್ತದೆ. ಹೊಗಳುವ ಪ್ರಶಸ್ತಿಯು ಎಂದೂ ಒಪ್ಪದ ಸಂಗತಿಯನ್ನು, ಎಂದರೆ ವ್ಯವಸ್ಥೆಯು ಮುರಿದುದನ್ನು, ಈ ಶಾಸನವು ನೇರವಾಗಿ ಹೇಳುತ್ತದೆ. ಅದನ್ನು ಸರಿಪಡಿಸಲು ಶೂರನೊಬ್ಬನು ಸೆಟ್ಟಿಗಳಿಂದ ಹುಟ್ಟಿಬಂದನೆಂದಿಲ್ಲ. ಕಟ್ಟಳೆಯು ಹೊಸದಾಯಿತು, ಅಷ್ಟೆ. ಸಮುದಾಯದ ಹೆಸರಿನಲ್ಲಿಯೇ ಮುಂದಾಳುಗಳೊಡನೆ ಒಕ್ಕಲುಗಳ ಎಣಿಕೆಯೂ ಕೂಡಿರುವುದು ಗಮನಾರ್ಹ. ವೇಬರನ ವಿಂಗಡಣೆಯಲ್ಲಿ ಇದಕ್ಕೆ ಸಂಪ್ರದಾಯವೆನ್ನಬೇಕೋ ನಿಯಮವೆನ್ನಬೇಕೋ ನಿರ್ಧರಿಸುವುದು ಸುಲಭವಲ್ಲ: ಹಿಂದಿನಿಂದ ಬಂದುದು, ಆದರೂ ಕಲ್ಲಿನಲ್ಲಿ ಬರೆದು ನವೀಕರಿಸಬಹುದಾದುದು.

ಇದರಿಂದ ವಣಿಕರಲ್ಲಿ ಏಕನಾಯಕತ್ವವೇ ಇರಲಿಲ್ಲವೆಂದು ಸಾಧಿಸಹೊರಟರೆ ಅದು ಸಲ್ಲದು. ಪಟ್ಟಣಸ್ವಾಮಿಯೆಂಬ ಪದವಿಯುಳ್ಳವರು ಅನೇಕ ಶಾಸನಗಳಲ್ಲಿ ಹೆಸರುಗೊಂಡು ಕಾಣಿಸಿಕೊಳ್ಳುತ್ತಾರೆ. ಎಂಟು, ಎಂಬತ್ತು ಎಂಬ ಸಂಖ್ಯೆಗಳೂ ರೂಢಿಯ ಲೆಕ್ಕವಾಗಿರಬಹುದು. ಸಮುದಾಯವೆಂದೊಡನೆ ಸಮಾನತೆಯೆಂದು ತಿಳಿಯುವುದೂ ಅವಸರದ ಮಾತು; ಎಂಟು ಮಂದಿ ಎಂಬತ್ತು ಒಕ್ಕಲುಗಳ ಮುಂದೆ ನಿಂತದ್ದು ಮೇಲುಕೀಳಿಲ್ಲದೆ ಆಗಿರಲಾರದು. ಇಂದಿನ ಮಾರಾಟಸಂಸ್ಥೆಗಳಲ್ಲಿ ಅಂಗಡಿಯ ಮುಖ್ಯಸ್ಥನನ್ನು ದೂರದ ನಗರದ ಕಚೇರಿಯು ನೇಮಿಸುತ್ತದೆ, ಬೇಡವಾದರೆ ತೆಗೆಯುತ್ತದೆ. ಅವನ ಕೈಕೆಳಗಿನವರ ಲೆಕ್ಕವು ಸಂಸ್ಥೆಯ ಹೆಸರಿನಲ್ಲಿ ಎಲ್ಲಿಯೂ ಬರುವುದಿಲ್ಲ.