ಮೆಚ್ಚಿನ ಪಾತ್ರ ಯಾವುದು, ಏಕೆ? ‘ಸ್ಟಾರ್ ಟ್ರೆಕ್’ ಕಥಾಮಾಲೆಯನ್ನು ಕುರಿತು ಒಂದು ವಿಚಾರ

ಕಥೆ ಹೇಳಿ ಮುಗಿಸಿದ ಮೇಲೆ ‘ನಿಮಗೆ ಯಾರು ಹೆಚ್ಚು ಹಿಡಿಸಿದರು?’ ಎಂದು ಮಕ್ಕಳನ್ನು ಕೇಳುವುದು ಉಪಾಧ್ಯಾಯರಾದ ನಮ್ಮ ವಾಡಿಕೆ. ಭಾರತದ ಕಥೆ ಹೇಳಿದ ದಿನ ನಮ್ಮ ತರಗತಿಯಲ್ಲಿ ಅರ್ಜುನನ ಪಕ್ಷ ಚಿಕ್ಕದಾಗಿರುತ್ತದೆ, ಕರ್ಣನ ಪಕ್ಷ ದೊಡ್ಡದಾಗಿರುತ್ತದೆ. ಪಂಪನು ಅರ್ಜುನನನ್ನೇ ನಾಯಕನನ್ನಾಗಿ ಮಾಡಿ ಕಾವ್ಯ ಕಟ್ಟಿದನು; ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ಕರ್ಣನು ನಿಲ್ಲುತ್ತಾನೆ. ಓದುಗನ ಮೆಚ್ಚುಗೆ ನಾಯಕಪಟ್ಟವನ್ನು ನೋಡಿ ಹೋಗತಕ್ಕದ್ದಲ್ಲ. ಹಾಗಾದರೆ ಅದು ಏನನ್ನು ನೋಡಿ ಹೋಗುತ್ತದೆ? ಈ ಪ್ರಶ್ನೆಯನ್ನು ಹೊಸದೊಂದು ನಿದರ್ಶನವಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ. ನಿದರ್ಶನವು ಅಮೆರಿಕೆಯದು, ವೈಜ್ಞಾನಿಕ ಕಥೆಗಳ ಜಾತಿಗೆ ಸೇರಿದ್ದು. ಅದರ ಹೆಸರು ‘ಸ್ಟಾರ್ ಟ್ರೆಕ್’.

ಜೀನ್ ರಾಡನ್‌ಬೆರಿ ಎಂಬವರು ಕಲ್ಪಿಸಿದ ಈ ದೂರದರ್ಶನ ಕಥೆಯು 1966ನೆಯ ಸೆಪ್ಟೆಂಬರ್ 8ರಂದು ಮೊದಲು ಪ್ರಸಾರವಾಯಿತು. ಎಂಟರ್‌ಪ್ರೈಸ್ ಎಂಬ ಆಕಾಶನೌಕೆ, ಅದರ ಕಪ್ತಾನ ಕರ್ಕ್, ಅವನ ಬಲಗೈಯಾದ ಸ್ಪಾಕ್, ವೈದ್ಯ ಮೆಕಾಯ್ ಇವರು ಗ್ರಹದಿಂದ ಗ್ರಹಕ್ಕೆ ಸಂಚರಿಸುತ್ತ ಕಂಡ ಲೋಕಗಳೇ ಕಥಾವಸ್ತು. ನೋಡುವವರ ಸಂಖ್ಯೆ ಸಾಲದೆಂದು ನಿಲ್ಲಿಸುವ ಮಾತು ಬಂದಾಗ ಅಭಿಮಾನಿಗಳು ರಾಶಿ ರಾಶಿ ಪತ್ರಗಳನ್ನು ಬರೆದರು. 1968ರಲ್ಲಿ ಇನ್ನೊಂದು ವರ್ಷದ ಆಯುಸ್ಸು ದೊರೆಯಿತು. 79 ಕಂತುಗಳಾಗಿ 1969ರಲ್ಲಿ ಅದು ನಿಂತಿತು. ಆದರೆ ಮರುಪ್ರಸಾರದಿಂದಲೇ ಅದರ ಕೀರ್ತಿ ಬೆಳೆಯಿತು. ಬಳಿಕ ಚಲನಚಿತ್ರಗಳು ಬಂದವು. ‘ದಿ ನೆಕ್ಸ್ಟ್ ಜನರೇಶನ್’ (1987-94), ‘ಡೀಪ್ ಸ್ಪೇಸ್ ನೈನ್’ (1993-99), ‘ವಾಯೇಜರ್’ (1995-2001) ಮೊದಲಾದ ಮಾಲೆಗಳು ಬಂದವು. ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಹೊಸ ಮಾಲೆಗಳು ಹುಟ್ಟಿದವು.

ಇಷ್ಟು ದೀರ್ಘವಾದ ಕಥೆಗೆ ಪಕ್ಷಭೇದವು ಸಹಜ. ಯಾವ ಮಾಲೆ ಶ್ರೇಷ್ಠ, ಯಾವ ಕಪ್ತಾನ ಮೇಲು ಎಂಬ ಚರ್ಚೆಗೆ ಅಭಿಮಾನಿಗಳಲ್ಲಿ ಕೊನೆಯಿಲ್ಲ. ಕರ್ಕನ ಸಾಹಸವನ್ನು ಕೆಲವರು, ಪಿಕಾರ್ಡನ ಗಾಂಭೀರ್ಯವನ್ನು ಕೆಲವರು ಎತ್ತಿ ಹಿಡಿಯುವರು. ಆದರೆ ಮೆಚ್ಚಿನ ಪಾತ್ರ ಯಾವುದೆಂದು ಕೇಳಿದರೆ, ಕಪ್ತಾನರಲ್ಲದ ಒಬ್ಬನ ಹೆಸರು ಯಾವಾಗಲೂ ಮುಂದಿನ ಸಾಲಿನಲ್ಲಿ ಬರುತ್ತದೆ. ಅವನೇ ಸ್ಪಾಕ್.

ಸ್ಪಾಕನ ತಂದೆ ಸಾರೆಕ್, ವಲ್ಕನ್ ಗ್ರಹದವನು. ತಾಯಿ ಅಮಾಂಡ, ನಮ್ಮ ಭೂಮಿಯವಳು. ವಲ್ಕನರು ಭಾವವನ್ನು ಅಡಗಿಸಿ ತರ್ಕವನ್ನೇ ಧರ್ಮವೆಂದು ನಂಬಿದ ಜನ. ಮೊನೆಯಾದ ಕಿವಿಯ ಈ ಪಾತ್ರವನ್ನು ಕಂಡು ಪ್ರಸಾರ ಸಂಸ್ಥೆಯವರು ಮೊದಲಿಗೆ ಅಳುಕಿದರು. ಪ್ರಚಾರದ ಪುಸ್ತಿಕೆಯ ಚಿತ್ರದಲ್ಲಿ ಆ ಕಿವಿಯ ಮೊನೆಯನ್ನೇ ತಿದ್ದಿ ಅಳಿಸಿದ್ದರಂತೆ. ಅವರು ಮರೆಮಾಡಬಯಸಿದ ಕಿವಿಯೇ ಕಥೆಯ ಗುರುತಾಗಿ ನಿಂತುದು ವಿಚಾರಾರ್ಹ. ಪಾತ್ರವಹಿಸಿದ ಲೆನಾರ್ಡ್ ನಿಮಾಯ್ ಅವರು 1975ರಲ್ಲಿ ‘ನಾನು ಸ್ಪಾಕ್ ಅಲ್ಲ’ ಎಂಬರ್ಥದ ಹೆಸರಿಟ್ಟು ಆತ್ಮಕಥೆ ಬರೆದರು. ಇಪ್ಪತ್ತು ವರ್ಷಗಳ ಬಳಿಕ, 1995ರಲ್ಲಿ, ‘ನಾನು ಸ್ಪಾಕ್’ ಎಂಬರ್ಥದ ಹೆಸರಿನಲ್ಲಿ ಇನ್ನೊಂದನ್ನು ಬರೆದರು. ಪಾತ್ರವು ನಟನನ್ನೂ ಗೆದ್ದಿತೆನ್ನಬೇಕು.

ಈ ಮೆಚ್ಚುಗೆಗೆ ಕಾರಣವೇನು? ಬುದ್ಧಿವಂತಿಕೆಯೆಂದರೆ ಅರ್ಧ ಉತ್ತರವಾದೀತು. ಬುದ್ಧಿವಂತರನ್ನು ನಾವು ಗೌರವಿಸುತ್ತೇವೆ, ಆದರೆ ಮನಸ್ಸಿಗೆ ಹತ್ತಿರ ತಂದುಕೊಳ್ಳುವುದು ಅಪರೂಪ. ನಮ್ಮ ಮತದಲ್ಲಿ ಸರಿಯಾದ ಉತ್ತರವು 1973ರಲ್ಲಿ ಚಿತ್ರಮಾಲೆಯಾಗಿ ಬಂದ ಕಂತೊಂದರಲ್ಲಿ ಇದೆ. ಡಿ. ಸಿ. ಫಾಂಟಾನಾ ಎಂಬ ಲೇಖಕಿ ಬರೆದ ಆ ಕಂತಿನ ಹೆಸರು ‘ಯೆಸ್ಟರ್‌ಇಯರ್’. ಅದರಲ್ಲಿ ಪ್ರೌಢನಾದ ಸ್ಪಾಕನು ಹಿಂದಿನ ಕಾಲಕ್ಕೆ ಹೋಗಿ, ತಾನೇ ಆಗಿರುವ ಏಳು ವರ್ಷದ ಬಾಲಕನನ್ನು ಕಾಣುತ್ತಾನೆ. ಓರಗೆಯ ಹುಡುಗರು ಆ ಬಾಲಕನನ್ನು ಸುತ್ತುಗಟ್ಟಿ, ‘ನೀನು ನಮ್ಮವನಲ್ಲ’ ಎಂದು ಚುಚ್ಚುತ್ತಿದ್ದಾರೆ. ತನ್ನ ಯೋಗ್ಯತೆಯನ್ನು ತೋರಿಸಬೇಕೆಂದು ಅವನು ಒಬ್ಬನೇ ಮರಳುಗಾಡಿಗೆ ಹೊರಡುತ್ತಾನೆ. ಅವನನ್ನು ಕಾಪಾಡುವುದಕ್ಕಾಗಿ ಸಾಕುಪ್ರಾಣಿ ಗಾಯಗೊಳ್ಳುತ್ತದೆ. ನರಳಿಸಿ ಬದುಕಿಸುವುದೋ, ಶಾಂತವಾಗಿ ಸಾಯಲು ಬಿಡುವುದೋ ಎಂಬ ತೀರ್ಮಾನವನ್ನು ಆ ಎಳೆಯ ಬಾಲಕನೇ ಮಾಡಬೇಕಾಗುತ್ತದೆ. ಅವನು ಎರಡನೆಯದನ್ನು ಆರಿಸಿಕೊಳ್ಳುತ್ತಾನೆ. ಅಳದಿರುವವನ ಹೃದಯದಲ್ಲಿ ಎಷ್ಟು ಅಳು ಇರಬಹುದೆಂಬುದನ್ನು ಆಗ ನಾವು ಅರಿಯುತ್ತೇವೆ. ಎರಡು ಕುಲಗಳ ನಡುವೆ ನಿಂತು, ಎರಡರಲ್ಲಿಯೂ ಪೂರ್ಣವಾಗಿ ‘ನಮ್ಮವ’ ಎನಿಸಿಕೊಳ್ಳದ ಈ ಸ್ಥಿತಿಯೇ ಸಹೃದಯನನ್ನು ಕರಗಿಸತಕ್ಕದ್ದು. ಕರ್ಣನ ವಿಷಯದಲ್ಲಿಯೂ ಇದೇ ಅಲ್ಲವೆ?

ಇದು ನಮ್ಮ ಕಲ್ಪನೆ ಮಾತ್ರವಲ್ಲ. 1968ರಲ್ಲಿ ಅಮೆರಿಕೆಯ ಬಾಲಕಿಯೊಬ್ಬಳು ಸ್ಪಾಕನಿಗೆಂದು ಒಂದು ಮಾಸಪತ್ರಿಕೆಗೆ ಪತ್ರ ಬರೆದಳು. ಅವಳ ತಾಯಿ ಕರಿಯ ಜನಾಂಗದವಳು, ತಂದೆ ಬಿಳಿಯ ಜನಾಂಗದವನು. ಎರಡು ಕಡೆಯ ಮಕ್ಕಳೂ ಅವಳನ್ನು ಸೇರಿಸುತ್ತಿರಲಿಲ್ಲ. ನಿಮಾಯ್ ಅವರು ಅದಕ್ಕೆ ದೀರ್ಘವಾದ ಉತ್ತರವನ್ನು ಬರೆದರು. ಗುಂಪಿನ ಮೆಚ್ಚುಗೆ ಬೇರೆ, ನಿಜವಾದ ದೊಡ್ಡಸ್ತಿಕೆ ಬೇರೆ. ಸ್ಪಾಕನು ಮೊದಲನೆಯದರ ಬೆನ್ನು ಹತ್ತದೆ ಎರಡನೆಯದನ್ನು ಸಾಧಿಸಿದನು ಎಂಬುದು ಅದರ ತಾತ್ಪರ್ಯ. ಕಲ್ಪಿತ ಪಾತ್ರವೊಂದು ಒಂದು ಮಗುವಿನ ನಿಜವಾದ ದುಃಖಕ್ಕೆ ನೆರವಾಯಿತೆಂದ ಮೇಲೆ ಆ ಕಥೆಯನ್ನು ಬರಿಯ ಕಾಲಹರಣವೆಂದು ತಳ್ಳಿಹಾಕಲಾಗದು.

ಮುಂದಿನ ಮಾಲೆಗಳವರೂ ಈ ಗುಟ್ಟನ್ನು ಅರಿತರು. ‘ದಿ ನೆಕ್ಸ್ಟ್ ಜನರೇಶನ್’ನಲ್ಲಿ ಡೇಟಾ ಎಂಬ ಯಂತ್ರಮಾನವನನ್ನೂ, ‘ವಾಯೇಜರ್’ನಲ್ಲಿ ‘ಸೆವೆನ್ ಆಫ್ ನೈನ್’ ಎಂಬವಳನ್ನೂ ಸೃಷ್ಟಿಸಿದರು. ಡೇಟಾ ಯಾರದೋ ಸೊತ್ತೋ, ಸ್ವತಂತ್ರ ಜೀವಿಯೋ ಎಂದು ನ್ಯಾಯಸ್ಥಾನದಲ್ಲಿ ವಾದ ನಡೆಯುವ 1989ರ ‘ದಿ ಮೆಷರ್ ಆಫ್ ಎ ಮ್ಯಾನ್’ ಕಂತು ಉತ್ತಮ ನಾಟಕಗಳ ಸಾಲಿಗೆ ಸೇರತಕ್ಕದ್ದು. ಆದರೂ ನಮ್ಮದೊಂದು ಆಕ್ಷೇಪವಿದೆ. ಡೇಟಾನ ಬಯಕೆಯೆಲ್ಲ ಮನುಷ್ಯನಾಗುವುದು. ಸೆವೆನ್ ಮಗುವಾಗಿದ್ದಾಗಲೇ ಬೋರ್ಗ್ ಎಂಬ ಯಾಂತ್ರಿಕ ಸಮೂಹಕ್ಕೆ ಸೆರೆಯಾದವಳು. ಅವಳನ್ನು ಬಿಡಿಸಿ, ಅವಳು ಒಲ್ಲೆನೆಂದರೂ ಮರಳಿ ಮನುಷ್ಯಳನ್ನಾಗಿ ಮಾಡುತ್ತಾರೆ. ಎಲ್ಲರೂ ಕೊನೆಗೆ ‘ನಮ್ಮಂತೆ’ ಆಗಬೇಕೆಂಬ ಹಟ ಈ ಕಥೆಗಳ ಒಳಗೆ ಅಡಗಿದೆ. ಸ್ಪಾಕನನ್ನೂ ಅದು ಬಿಟ್ಟಿಲ್ಲ: ವೈದ್ಯ ಮೆಕಾಯ್ ಅವನನ್ನು ಕೆಣಕುವಾಗಲೆಲ್ಲ ಕಥೆಯ ತಕ್ಕಡಿ ವೈದ್ಯನ ಕಡೆಗೆ ವಾಲುವುದುಂಟು. ಆದರೆ ಸ್ಪಾಕನು ತನ್ನ ದಾರಿಯನ್ನು ಬಿಡಲಿಲ್ಲ. 1982ರ ಚಲನಚಿತ್ರದಲ್ಲಿ ನೌಕೆಯನ್ನು ಉಳಿಸಲು ಪ್ರಾಣ ಕೊಡುವಾಗ ಅವನ ಕಾರ್ಯದಲ್ಲಿ ತಂದೆಯ ತರ್ಕವೂ ಇದೆ, ತಾಯಿಯ ಅಕ್ಕರೆಯೂ ಇದೆ; ಇದು ಅದು ಎಂದು ಬೇರ್ಪಡಿಸಲಾಗದು. ಈ ಒಂದು ಕಾರಣದಿಂದ ಅವನು ಡೇಟಾನಿಗಿಂತ ಮೇಲು ಎಂಬುದು ನಮ್ಮ ನಿರ್ಣಯ.

ಮಾಲೆಗಳಲ್ಲಿ ಯಾವುದು ಮೇಲೆಂದರೆ ನಾವು ‘ಡೀಪ್ ಸ್ಪೇಸ್ ನೈನ್’ ಎನ್ನುತ್ತೇವೆ. ಅದು ಬಂದ ಹೊಸತರಲ್ಲಿ ‘ಇದರಲ್ಲಿ ನೌಕೆ ಎಲ್ಲಿಗೂ ಹೋಗುವುದಿಲ್ಲ’ ಎಂದು ಅನೇಕರು ಮುಖ ತಿರುಗಿಸಿದರು. ಸಂಚಾರಿಗಳ ಕಥೆ ಹೋಗಿ ನೆಲೆನಿಂತವರ ಕಥೆಯಾದುದು ಅವರಿಗೆ ಹಿಡಿಸಲಿಲ್ಲ. ಕಾಲಕ್ರಮದಲ್ಲಿ ಅದರ ಬೆಲೆ ಏರಿತು. ಆಕಾಶದ ಗಡಿಯಲ್ಲಿರುವ ಒಂದು ನಿಲ್ದಾಣ. ಹಿಂದೆ ಅಲ್ಲಿ ಆಳಿದ ಕಾರ್ಡೇಸಿಯನ್ನರು, ಆಳಿಸಿಕೊಂಡ ಬೇಜೋರನ್ನರು, ಈಗ ಬಂದ ಮೂರನೆಯವರು ಎಲ್ಲರೂ ಅಲ್ಲಿಯೇ ಕೂಡಿ ಬಾಳಬೇಕು. ಮುಂದಿನ ವಾರ ಬೇರೆ ಗ್ರಹಕ್ಕೆ ಹೋಗಿಬಿಡುವವರಿಗೆ ನೆರೆಯವನ ಚಿಂತೆಯಿಲ್ಲ. ಇಲ್ಲಿಯವರಿಗೆ ಅದು ತಪ್ಪಿದ್ದಲ್ಲ. 1993ರ ‘ಡ್ಯುಯೆಟ್’ ಕಂತಿನಲ್ಲಿ, ಆಳಿದವರನ್ನು ದ್ವೇಷಿಸುತ್ತ ಬೆಳೆದ ಕಿರಾ ಎಂಬವಳು ಕಾರ್ಡೇಸಿಯನ್ ಸೆರೆಯಾಳೊಬ್ಬನ ಪಶ್ಚಾತ್ತಾಪವನ್ನು ಕಾಣುತ್ತಾಳೆ. ಹುಟ್ಟಿದ ಕುಲವೊಂದೇ ಕಾರಣವಾಗಿ ಅವನನ್ನು ಇರಿದು ಕೊಂದಾಗ, ಆ ಕಾರಣ ಸಾಲದೆಂದು ಅವಳ ಬಾಯಿಂದಲೇ ಮಾತು ಬರುತ್ತದೆ. ಸ್ಪಾಕನೊಬ್ಬನ ಎದೆಯಲ್ಲಿದ್ದ ಗಡಿಯನ್ನು ಈ ಮಾಲೆಯು ಒಂದು ಊರಿನಷ್ಟು ವಿಸ್ತರಿಸಿದೆ.

ಗಡಿಯ ಮಾತು ನಮಗೆ ಹೊಸದಲ್ಲ. ಕಾಸರಗೋಡಿನ ಕಡೆಯ ಮಗುವೊಂದು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವುದುಂಟು. ದಾಖಲೆ ಪುಸ್ತಕದಲ್ಲಿ ‘ಮಾತೃಭಾಷೆ’ ಎಂಬುದರ ಮುಂದೆ ಒಂದೇ ಹೆಸರಿಗೆ ಎಡೆಯಿರುತ್ತದೆ. ನಾವು ಬರೆದುಕೊಳ್ಳುತ್ತೇವೆ, ಉಳಿದುದನ್ನು ಮಗುವೇ ಹೊತ್ತುಕೊಂಡು ಹೋಗುತ್ತದೆ. ಅದರ ಉಚ್ಚಾರವನ್ನು ಕೇಳಿ ಪಕ್ಕದ ಮಕ್ಕಳು ನಕ್ಕಾಗ ನಾವೂ ಒಮ್ಮೊಮ್ಮೆ ನಕ್ಕಿರುವುದುಂಟು. ಇದನ್ನು ಒಪ್ಪಿಕೊಳ್ಳದೆ ಸ್ಪಾಕನನ್ನು ಹೊಗಳುವ ಅಧಿಕಾರ ನಮಗಿಲ್ಲ.

ಆದುದರಿಂದ ಸಹೋದ್ಯೋಗಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮೆಚ್ಚಿನ ಪಾತ್ರ ಯಾವುದೆಂದು ಮಕ್ಕಳನ್ನು ಕೇಳಿದ ಮೇಲೆ ಅಲ್ಲಿಗೇ ಬಿಡಬಾರದು. ಏಕೆ ಎಂದು ಕೇಳಿ, ಉತ್ತರಕ್ಕಾಗಿ ಕಾಯಬೇಕು. ವಿಮರ್ಶೆಯ ಮೊದಲನೆಯ ಪಾಠ ಅದು. ವಿದ್ಯಾರ್ಥಿಗಳಿಗೂ ಒಂದು ಮಾತು: ಹೊರಗೆ ನಿಂತವನನ್ನು ಕಥೆಯಲ್ಲಿ ಮೆಚ್ಚುವುದು ಸುಲಭ, ಅವನು ನಿಮ್ಮ ಬೆಂಚಿನ ತುದಿಯಲ್ಲಿಯೇ ಕುಳಿತಿದ್ದರೆ ಸ್ವಲ್ಪ ಸರಿದು ಎಡೆ ಕೊಡಿರಿ.