ಚೋಮನ ಎತ್ತು, ವಿಮರ್ಶಕರ ತಕ್ಕಡಿ

ಹೊಸ ಚಿತ್ರ ಬಂದೊಡನೆ ನಮ್ಮ ವಿಮರ್ಶಕರು ತಕ್ಕಡಿ ಹಿಡೀತಾರೆ: ನಟನೆ ಇಷ್ಟು, ಛಾಯಾಗ್ರಹಣ ಇಷ್ಟು, ಸಂಗೀತ ಇಷ್ಟು. ತೂಗಲಿ, ಬ್ಯಾಡ ಅನ್ನೋದಿಲ್ಲ. ಆದರೆ ತೂಕದ ಕಲ್ಲು ಯಾರದು?

ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ ಚಿತ್ರ ಮಾಡಿದರು. ಚಿತ್ರಕ್ಕೆ ಸ್ವರ್ಣಕಮಲ ಬಂತು. ಚೋಮನಾದ ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. ನಟನೆ ದೊಡ್ಡದೇ. ಬುಕ್ಕಸಾಗರದ ಭತ್ತದ ಗದ್ದ್ಯಾಗ ಕೂಲಿ ನಾಟಿ ಮಾಡಿದ ನಮ್ಮವ್ವ ಅದನ್ನು ನೋಡಿ ಕೇಳಿದ್ದು ಒಂದೇ ಮಾತು: “ಎತ್ತು ಅದಾವ, ಹೊಲ ಎಲ್ಲೈತಪಾ?”

ಇದಕ್ಕಿಂತ ದೊಡ್ಡ ವಿಮರ್ಶೆ ನಾನು ಓದಿಲ್ಲ. 1974ರ ಭೂಸುಧಾರಣೆ ಗೇಣಿದಾರನಿಗೆ ಒಡೆತನ ಕೊಟ್ಟಿತು. ಹೊಲೆಯನೆಂದು ಗೇಣಿಗೂ ನೆಲ ಸಿಗದ ಚೋಮನಂಥವನು ಯಾವ ಅರ್ಜಿ ಹಾಕಬೇಕಿತ್ತು? ಈ ಪ್ರಶ್ನೆ ಬಿಟ್ಟು ದುಡಿಯ ನಾದವನ್ನಷ್ಟೇ ಹೊಗಳಿದರೆ, ಹಸಿದವನ ಕೂಗಿಗೆ ತಾಳ ಹಾಕಿದಂಗ. ಚಿತ್ರದ ಕೊರತೆಯೂ ಇಲ್ಲೇ ಐತಿ: ಚೋಮ ಒಬ್ಬನೇ ದುಡಿ ಬಾರಿಸುತ್ತ ಸಾಯುತ್ತಾನೆ, ಅವನ ಸಿಟ್ಟಿಗೆ ಸಂಗಾತಿಗಳಿಲ್ಲ.

ಗೆಳೆಯರೇ, ನಾಳೆ ಬರುವ ಚಿತ್ರದಲ್ಲೂ ಕ್ಯಾಮೆರಾದ ಚಂದ ನೋಡ್ರಿ. ಅದು ಯಾರ ಹೊಲದಾಗ ನಿಂತೈತಿ ಅಂತಲೂ ಕೇಳ್ರಿ.