ಮಡಚುವ ಸೈಕಲ್ಲಿನ ಪಂಕ್ಚರ್: ತಪ್ಪು ಯಾರದು?

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ರೈಲುಮಾರ್ಗವಿಲ್ಲ, ಬಸ್ಸೇ ಆಧಾರ. ಮನೆಯಿಂದ ಬಸ್ಸು ನಿಲ್ಲುವಲ್ಲಿಗೆ ಒಂದೆರಡು ಕಿಲೋಮೀಟರ್ ಕೆಮ್ಮಣ್ಣಿನ ದಾರಿ ಇರುವುದೂ ಸಾಮಾನ್ಯ. ಮಡಚಿ ಜೊತೆಗೊಯ್ಯಬಹುದಾದ ಸೈಕಲ್ ಇಂಥ ಕಡೆಗೆ ಹೇಳಿ ಮಾಡಿಸಿದಂತಿದೆ. ಆದರೂ ‘ಚಿಕ್ಕ ಚಕ್ರ, ಪದೇ ಪದೇ ಪಂಕ್ಚರ್, ಮಲೆನಾಡಿಗೆ ಆಗಿಬರದು’ ಎಂದು ತೀರ್ಪು ಕೊಡುವವರಿದ್ದಾರೆ. ಈ ತೀರ್ಪು ಎಷ್ಟು ಸರಿ? ಪರೀಕ್ಷಿಸೋಣ.

ಮೊದಲು ಮುಳ್ಳಿನ ವಿಚಾರ. 20 ಅಂಗುಲದ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 645 ಸುತ್ತು ಸುತ್ತುತ್ತದೆ. ಹಳೆಯ 28 ಅಂಗುಲದ ಚಕ್ರ ಸುಮಾರು 445 ಸುತ್ತು. ಆದರೆ ನೆಲದ ಮೇಲೆ ಎರಡೂ ಹಾಯುವ ಪಟ್ಟಿಯ ಉದ್ದ ಒಂದೇ ಕಿಲೋಮೀಟರ್. ಟೈರಿನ ಅಗಲ ಸಮನಾಗಿದ್ದರೆ ಬಿದಿರು ಮುಳ್ಳೋ ಕವಳಿ ಮುಳ್ಳೋ ಎದುರಾಗುವ ಸಂಭವವೂ ಸಮ. ವ್ಯತ್ಯಾಸವಿರುವುದು ಸವೆತದಲ್ಲಿ. ಚಿಕ್ಕ ಟೈರಿನ ಪ್ರತಿ ಭಾಗವೂ ಹೆಚ್ಚು ಸಲ ನೆಲ ಮುಟ್ಟಿ ಬೇಗ ತೆಳುವಾಗುತ್ತದೆ. ತೆಳುವಾದ ರಬ್ಬರಿನಲ್ಲಿ ಮುಳ್ಳು ಸುಲಭವಾಗಿ ಇಳಿಯುತ್ತದೆ.

ಎರಡನೆಯದು ಗಾಳಿಯ ಒತ್ತಡ. ಹಿಂದಿನ ಚಕ್ರದ ಮೇಲೆ 490 ನ್ಯೂಟನ್ ಭಾರವಿದೆ ಎನ್ನಿ. ಒಳಗಿನ ಒತ್ತಡ 300 ಕಿಲೋಪಾಸ್ಕಲ್ (ಸುಮಾರು 44 ಪಿಎಸ್‌ಐ) ಇದ್ದರೆ ನೆಲಕ್ಕೆ ತಾಗುವ ಕ್ಷೇತ್ರಫಲ ಸುಮಾರು 16 ಚದರ ಸೆಂಟಿಮೀಟರ್. ಒತ್ತಡ ಅರ್ಧವಾದರೆ ಕ್ಷೇತ್ರಫಲ ಇಮ್ಮಡಿ, ಟೈರು ಕುಸಿಯುವ ಆಳವೂ ಸುಮಾರಾಗಿ ಇಮ್ಮಡಿ. ಭಾರ, ಒತ್ತಡ, ಅಗಲಗಳು ಒಂದೇ ಆಗಿದ್ದರೂ ಚಿಕ್ಕ ಚಕ್ರದ ಟೈರು ದೊಡ್ಡದಕ್ಕಿಂತ ಸುಮಾರು ಶೇಕಡ 20ರಷ್ಟು ಹೆಚ್ಚು ಕುಸಿಯುತ್ತದೆ. ಹೊಂಡದ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಆಗ ಬೈಸಿಕೊಳ್ಳುವುದು ಮಾತ್ರ ಮುಳ್ಳು!

ಪಂಕ್ಚರಿನ ಕಾರಣವನ್ನು ಟ್ಯೂಬೇ ಹೇಳುತ್ತದೆ. ಅಕ್ಕಪಕ್ಕ ಎರಡು ತೂತುಗಳಿದ್ದರೆ ಗಾಳಿ ಕಡಿಮೆಯಿತ್ತೆಂದು ಅರ್ಥ. ತೂತು ರಿಮ್ಮಿನ ಕಡೆಗಿದ್ದರೆ ಕಡ್ಡಿಯ ತುದಿಯನ್ನೂ ರಿಮ್ಮಿನ ಪಟ್ಟಿಯನ್ನೂ ನೋಡಿ. ನೆಲದ ಕಡೆಗೆ ಒಂದೇ ತೂತಿದ್ದರೆ ಮಾತ್ರ ಮುಳ್ಳನ್ನೋ ಮೊಳೆಯನ್ನೋ ಹುಡುಕಿ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ. ಮುರಿದ ಮುಳ್ಳಿನ ಮೊನೆ ಅಲ್ಲೇ ಉಳಿದಿದ್ದರೆ ಹೊಸ ಪ್ಯಾಚಿನ ಪಕ್ಕದಲ್ಲೇ ಇನ್ನೊಂದು ತೂತು ಖಂಡಿತ. ಮರಳುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಕೈಗೆ ಅಂಟದಷ್ಟು ಒಣಗಿದ ಮೇಲೆ ಪ್ಯಾಚ್ ಒತ್ತಬೇಕು. ಹಸಿಯಾಗಿರುವಾಗಲೇ ಅಂಟಿಸುವ ಅವಸರವೇ ಹಲವು ಪ್ಯಾಚುಗಳು ಬಿಡಲು ಕಾರಣ. ಹಿಂದಿನ ಚಕ್ರವನ್ನು ಕಳಚಬೇಕಾಗಿಯೂ ಇಲ್ಲ. ಟೈರಿನ ಒಂದು ಅಂಚನ್ನು ಬಿಡಿಸಿ ಟ್ಯೂಬನ್ನು ಹೊರಗೆಳೆದರೆ ಸಾಕು. ಮಳೆಗಾಲದಲ್ಲಿ ಒದ್ದೆ ರಬ್ಬರನ್ನು ಚೂಪುಕಲ್ಲು ಸುಲಭವಾಗಿ ಸೀಳುತ್ತದೆ. ಆಗ ಟೈರಿಗೆ ನಾಟಿದ ಚೂರುಗಳನ್ನು ಆಗಾಗ ಕಿತ್ತುಹಾಕಿ.

‘ಬಿಸಿಲಿಗೆ ಒಡೆಯುತ್ತದೆ, ಗಾಳಿ ಕಡಿಮೆ ಹಾಕು’ ಎಂಬ ಸಲಹೆಯನ್ನೂ ತೂಗಿ ನೋಡಿ. 25 ಡಿಗ್ರಿಯ ಗಾಳಿ 50 ಡಿಗ್ರಿಗೆ ಏರಿದರೆ ನಿರಪೇಕ್ಷ ಒತ್ತಡ ಶೇಕಡ 8ರಷ್ಟು ಹೆಚ್ಚುತ್ತದೆ. ಮಾಪಕದಲ್ಲಿ 300 ಇದ್ದದ್ದು ಸುಮಾರು 334 ಆಗುತ್ತದೆ. ಟೈರಿನ ಮಿತಿಗಿಂತ ತುಸು ಕೆಳಗೆ ತುಂಬಿದ್ದರೆ ಭಯವಿಲ್ಲ. ಆದರೆ ಆ ಮಿತಿಯನ್ನು ತಯಾರಕರು ಕಪ್ಪು ರಬ್ಬರಿನ ಮೇಲೆ ಕಪ್ಪು ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ ಒತ್ತಿರುತ್ತಾರೆ. ಬಳಸುವವನ ಕಣ್ಣಿಗೆ ಬೀಳದ ಸೂಚನೆ ಇದ್ದೂ ಇಲ್ಲದಂತೆ.

ಮೇಷ್ಟರುಗಳಾದ ನಮ್ಮ ಪಾಲಿನ ತಪ್ಪೂ ಇದೆ. ಒತ್ತಡದ ಪಾಠಕ್ಕೆ ನಾವು ಮರುಭೂಮಿಯಿಂದ ಒಂಟೆಯ ಪಾದವನ್ನು ತರುತ್ತೇವೆ. ಶಾಲೆಯ ಗೋಡೆಗೆ ಒರಗಿ ನಿಂತ ಸೈಕಲ್ಲನ್ನು ಮರೆಯುತ್ತೇವೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭಿಸಿದಾಗ ಪ್ರಯೋಗದ ಉಪಕರಣವೇ ಶಾಲೆಯ ಅಂಗಳಕ್ಕೆ ಬಂದಿತ್ತು. ಟೈರಿಗೆ ಶಾಯಿ ಹಚ್ಚಿ, ಸವಾರನನ್ನು ಕೂರಿಸಿ, ಚಕ್ರವನ್ನು ಗ್ರಾಫ್ ಹಾಳೆಯ ಮೇಲೆ ಇಳಿಸಿ. ಮೂಡಿದ ಗುರುತಿನ ಹೊರ ಅಂಚಿನೊಳಗಿನ ಚೌಕಗಳನ್ನು ಎಣಿಸಿ. ಚಕ್ರದ ಮೇಲಿನ ಭಾರವನ್ನು ತೂಕದ ಯಂತ್ರದಿಂದ ಅಳೆದು, ಕ್ಷೇತ್ರಫಲದಿಂದ ಭಾಗಿಸಿ. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಉತ್ತರ ಅಂದಾಜಿನದು. ಆದರೂ ಗಾಳಿ ಸಾಲದೆಂದು ತಿಳಿಯಲು ಅಷ್ಟು ಸಾಕು.

ಹೀಗೆ ನೋಡಿದರೆ ಮಡಚುವ ಸೈಕಲ್ ನಿರಪರಾಧಿಯಲ್ಲ. ಅದರ ಟೈರು ಬೇಗ ಸವೆಯುತ್ತದೆ, ಹೆಚ್ಚು ಕುಸಿಯುತ್ತದೆ. ಆದರೆ ಎರಡಕ್ಕೂ ಮದ್ದಿದೆ: ವಾರಕ್ಕೊಮ್ಮೆ ಗಾಳಿ, ಸಕಾಲಕ್ಕೆ ಹೊಸ ಟೈರು. ಅಷ್ಟನ್ನೂ ಮಾಡದೆ ಸೈಕಲ್ಲನ್ನು ಅಟ್ಟಕ್ಕೇರಿಸುವುದು ನ್ಯಾಯವಲ್ಲ.